ಮ್ಯಾಗ್ನೆಟ್‌ಗೆ ಹಾಕಿದ್ರಾ? ಹಾರ್ಟ್‌ಫರ್ಡ್ ಸುತ್ತಲಿನ ಕನ್ನಡ ಅಪ್ಪ-ಅಮ್ಮಂದಿರಿಗೆ ಒಂದು ಮಾರ್ಗದರ್ಶಿ

ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಅಂದರೆ ಇನ್ಶೂರೆನ್ಸ್ ಕಂಪನಿಗಳ ಊರು. ಆ ಕಂಪನಿಗಳ ಐಟಿ ಕೆಲಸಕ್ಕೆಂದು ಬಂದ ಕನ್ನಡದವರು ರಾಕಿ ಹಿಲ್, ಸೌತ್ ವಿಂಡ್ಸರ್, ಫಾರ್ಮಿಂಗ್ಟನ್, ಗ್ಲಾಸ್ಟನ್‌ಬರಿ ಕಡೆ ಮನೆ ಮಾಡಿಕೊಂಡಿದ್ದಾರೆ. ಚಳಿಗಾಲ ಶುರುವಾಯಿತೆಂದರೆ ಯಾರ ಮನೆಗೆ ಊಟಕ್ಕೆ ಹೋದರೂ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮ್ಯಾಗ್ನೆಟ್‌ಗೆ ಹಾಕಿದ್ರಾ?" ಅಂದರೆ, ಮಗುವಿಗೆ ಮ್ಯಾಗ್ನೆಟ್ ಶಾಲೆಯ ಅರ್ಜಿ ಹಾಕಿದ್ರಾ ಅಂತ. ಹಾಕದವರು ತಟ್ಟೆ ಪಕ್ಕಕ್ಕಿಟ್ಟು ಅಲ್ಲೇ ಫೋನ್‌ನಲ್ಲಿ ಹುಡುಕುತ್ತಾರೆ.

ನಾವೂ ಹಾಗೇ ಶುರು ಮಾಡಿದವರು. ಮಗಳು ಇಂಥದ್ದೇ ಒಂದು ಶಾಲೆಯಲ್ಲಿ ಒಂದನೇ ತರಗತಿಯಿಂದ ಐದನೇ ತರಗತಿವರೆಗೆ ಓದಿ ಈಗ ಆರಕ್ಕೆ ಬಂದಿದ್ದಾಳೆ. ಜಾಗತಿಕ ಪೌರತ್ವ ಎಂಬ ಥೀಮ್ ಇಟ್ಟುಕೊಂಡು, ಪ್ರಾಜೆಕ್ಟ್ ಮೂಲಕ ಪಾಠ ಹೇಳುವ ಶಾಲೆ ಅದು. ಅರ್ಜಿ ಹಾಕುವಾಗ ನಮಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಮೊದಲು: ಈ ಶಾಲೆಗಳು ಯಾಕೆ ಹುಟ್ಟಿದವು ಅಂತ ತಿಳಿದುಕೊಳ್ಳಿ

ಮ್ಯಾಗ್ನೆಟ್ ಶಾಲೆ ಸರ್ಕಾರಿ ಶಾಲೆ. ಫೀಸ್ ಇಲ್ಲ. ಕಿಂಡರ್‌ಗಾರ್ಟನ್‌ಗೂ ಮುಂಚಿನ ಪ್ರೀ-ಕೆ ತರಗತಿಗೆ ಮಾತ್ರ ಮನೆಯ ಆದಾಯ ನೋಡಿ ಫೀಸ್ ಕೇಳಬಹುದು. ಇಲ್ಲಿ ನಾವಿರುವ ಊರಿನ ಮಾಮೂಲಿ ಶಾಲೆಗೂ ಇದಕ್ಕೂ ಮುಖ್ಯವಾಗಿ ಎರಡು ವ್ಯತ್ಯಾಸ. ಪ್ರತಿ ಮ್ಯಾಗ್ನೆಟ್ ಶಾಲೆಗೂ ಒಂದು ಥೀಮ್ ಇರುತ್ತದೆ: ವಿಜ್ಞಾನ, ಕಲೆ, ಮಾಂಟೆಸ್ಸರಿ, ಜಾಗತಿಕ ಅಧ್ಯಯನ, ಹೀಗೆ. ಮತ್ತೆ, ಇಲ್ಲಿಗೆ ಹಲವು ಊರುಗಳ ಮಕ್ಕಳು ಬರುತ್ತಾರೆ. ಅಯಸ್ಕಾಂತದ ಹಾಗೆ ಎಲ್ಲ ಕಡೆಯಿಂದ ಎಳೆದುಕೊಳ್ಳಲಿ ಅಂತಲೇ ಆ ಹೆಸರು.

ಯಾಕೆ ಎಳೆಯಬೇಕಾಗಿ ಬಂತು? ಬಿಳಿಯ ಮಕ್ಕಳಿಗೊಂದು, ಕಪ್ಪು ಮಕ್ಕಳಿಗೊಂದು ಶಾಲೆ ಎಂಬ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರ ಬ್ರೌನ್ ಪ್ರಕರಣದಲ್ಲಿ ಹೇಳಿತು. ಕಾಗದದ ಮೇಲೆ ಪದ್ಧತಿ ಹೋಯಿತು. ಆದರೆ ಶಾಲೆ ಸಿಗುವುದು ಮನೆಯ ವಿಳಾಸದ ಮೇಲೆ. ಬಡವರು ಒಂದು ಕಡೆ, ಉಳ್ಳವರು ಇನ್ನೊಂದು ಕಡೆ ಇದ್ದರೆ ಶಾಲೆಗಳೂ ಹಾಗೇ ಉಳಿಯುತ್ತವೆ. ಬಲವಂತ ಮಾಡದೆ ಮಕ್ಕಳನ್ನು ಒಂದೇ ಕಡೆ ಸೇರಿಸುವುದಕ್ಕೆ ಹುಡುಕಿದ ದಾರಿಯೇ ಮ್ಯಾಗ್ನೆಟ್ ಶಾಲೆ. 1968ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನ ಮೆಕಾರ್ವರ್ ಪ್ರಾಥಮಿಕ ಶಾಲೆ ಇದಕ್ಕೆ ಮೊದಲ ಉದಾಹರಣೆ.

ಹಾರ್ಟ್‌ಫರ್ಡ್ ಕಥೆ ಇನ್ನೂ ಹತ್ತಿರದ್ದು. 1989ರಲ್ಲಿ ಮೈಲೋ ಶೆಫ್ ಎಂಬ ನಾಲ್ಕನೇ ತರಗತಿ ಹುಡುಗ ಮತ್ತು ಇನ್ನಷ್ಟು ಮಕ್ಕಳ ಹೆಸರಿನಲ್ಲಿ ಅವರ ಮನೆಯವರು ರಾಜ್ಯದ ಮೇಲೆ ಕೇಸ್ ಹಾಕಿದರು. ಮೈಲೋನ ತಾಯಿ ಎಲಿಜಬೆತ್ ಹಾರ್ಟನ್ ಶೆಫ್ ಮುಂದೆ ನಿಂತು ಹೋರಾಡಿದರು. ಹಾರ್ಟ್‌ಫರ್ಡ್ ನಗರದ ಮಕ್ಕಳಿಗೂ ಸುತ್ತಲಿನ ಊರುಗಳ ಮಕ್ಕಳಿಗೂ ಸಿಗುವ ಶಿಕ್ಷಣ ಸಮಾನವಾಗಿಲ್ಲ ಎಂಬುದು ಅವರ ದೂರು. ಏಳು ವರ್ಷ ಆದ ಮೇಲೆ, 1996ರಲ್ಲಿ, ಕನೆಕ್ಟಿಕಟ್ ಸುಪ್ರೀಂ ಕೋರ್ಟ್ 4-3ರ ಬಹುಮತದಲ್ಲಿ ಅವರ ಪರ ತೀರ್ಪು ಕೊಟ್ಟಿತು. ಇವತ್ತು ಹಾರ್ಟ್‌ಫರ್ಡ್ ಸುತ್ತ ಇಷ್ಟೊಂದು ಮ್ಯಾಗ್ನೆಟ್ ಶಾಲೆಗಳು ಇರುವುದು ಆ ಕೇಸ್‌ನಿಂದ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಎಷ್ಟೋ ಜನ ಮ್ಯಾಗ್ನೆಟ್ ಅಂದರೆ ಜಾಣ ಮಕ್ಕಳ ಶಾಲೆ, ಫೀಸ್ ಇಲ್ಲದ ಪ್ರೈವೇಟ್ ಶಾಲೆ ಅಂದುಕೊಂಡಿದ್ದಾರೆ. ನಮ್ಮ ಮಗುವಿನ ಪಕ್ಕದಲ್ಲಿ ಹಾರ್ಟ್‌ಫರ್ಡ್ ನಗರದ ಮಗು ಕೂತಿರಬೇಕು ಅಂತಲೇ ಈ ಶಾಲೆ ಕಟ್ಟಿದ್ದಾರೆ. ಜಾಗತಿಕ ಪೌರತ್ವದ ಮೊದಲ ಪಾಠ ಆ ಬೆಂಚಿನ ಮೇಲೇ ಆಗುತ್ತದೆ. ಅದು ಬೇಡ ಅನ್ನಿಸಿದರೆ ದಯವಿಟ್ಟು ಅರ್ಜಿ ಹಾಕಬೇಡಿ. ಆ ಸೀಟಿಗೆ ಕಾಯುವವರು ಬಹಳ ಜನ ಇದ್ದಾರೆ.

ಶಾಲೆ ಹುಡುಕುವುದು

ಹಾರ್ಟ್‌ಫರ್ಡ್ ಮತ್ತು ಸುತ್ತಲಿನ 21 ಊರುಗಳು ಸೇರಿ ಶೆಫ್ ಪ್ರದೇಶ. ನಾನು ಮೇಲೆ ಹೇಳಿದ ಊರುಗಳೆಲ್ಲ ಇದರೊಳಗೆ ಬರುತ್ತವೆ. ಮನೆ ಬಾಡಿಗೆಗೆ ಹಿಡಿಯುವ ಮುಂಚೆಯೇ ಈ ಪಟ್ಟಿ ನೋಡಿಕೊಳ್ಳುವುದು ಒಳ್ಳೆಯದು, ಯಾಕೆಂದರೆ ಶಾಲೆಯ ಬಸ್ ಸಿಗುವುದೂ ಇದರ ಮೇಲೇ ನಿಂತಿದೆ.

ಜಾಗತಿಕ ಪೌರತ್ವವನ್ನು ಹೆಸರಿನಲ್ಲೇ ಇಟ್ಟುಕೊಂಡ ಶಾಲೆ ಸೌತ್ ವಿಂಡ್ಸರ್‌ನಲ್ಲಿದೆ: ಇಂಟರ್‌ನ್ಯಾಷನಲ್ ಮ್ಯಾಗ್ನೆಟ್ ಸ್ಕೂಲ್ ಫಾರ್ ಗ್ಲೋಬಲ್ ಸಿಟಿಜನ್‌ಶಿಪ್. ಇಲ್ಲಿ ಪ್ರೀ-ಕೆ ಇಂದ ಐದನೇ ತರಗತಿವರೆಗೆ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್ (ಐಬಿ) ಎಂಬ ಅಂತಾರಾಷ್ಟ್ರೀಯ ಶಿಕ್ಷಣ ಸಂಸ್ಥೆಯ ಪ್ರಾಥಮಿಕ ಪಠ್ಯಕ್ರಮ, ಅಂದರೆ ಪಿವೈಪಿ, ನಡೆಯುತ್ತದೆ. ದೊಡ್ಡ ಮಕ್ಕಳಿಗೆ ಬ್ಲೂಮ್‌ಫೀಲ್ಡ್‌ನಲ್ಲಿ ಮೆಟ್ರೊಪಾಲಿಟನ್ ಲರ್ನಿಂಗ್ ಸೆಂಟರ್ ಇದೆ, ಆರರಿಂದ ಹನ್ನೆರಡನೇ ತರಗತಿವರೆಗೆ. ಅದರ ಥೀಮ್ ಜಾಗತಿಕ ಮತ್ತು ಅಂತಾರಾಷ್ಟ್ರೀಯ ಅಧ್ಯಯನ. ಎರಡನ್ನೂ ನಡೆಸುವುದು 1966ರಲ್ಲಿ ಶುರುವಾದ ಕ್ಯಾಪಿಟಲ್ ರೀಜನ್ ಎಜುಕೇಶನ್ ಕೌನ್ಸಿಲ್. ಇಲ್ಲಿನವರು ಚಿಕ್ಕದಾಗಿ ಕ್ರೆಕ್ ಅನ್ನುತ್ತಾರೆ.

ಪಟ್ಟಿ ಮಾಡುವಾಗ ಮ್ಯಾಪ್ ತೆಗೆದು ದೂರ ನೋಡಿ. ರಾಕಿ ಹಿಲ್‌ನಿಂದ ಸೌತ್ ವಿಂಡ್ಸರ್‌ಗೆ ಕಾರಿನಲ್ಲಿ ಬೇಗ ಹೋಗಬಹುದು. ಆದರೆ ಬಸ್ ನಿಮ್ಮ ಮನೆಯಿಂದ ನೇರ ಶಾಲೆಗೆ ಹೋಗುವುದಿಲ್ಲ, ನಾಲ್ಕಾರು ಕಡೆ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತದೆ. ಐದು ವರ್ಷದ ಮಗು ಜನವರಿಯ ಕತ್ತಲಲ್ಲಿ ಜಾಕೆಟ್ಟು, ಬೂಟು, ಟೋಪಿ ಹಾಕಿಕೊಂಡು ಬಸ್‌ಗೆ ಕಾಯುವುದನ್ನು ಕಣ್ಣ ಮುಂದೆ ತಂದುಕೊಂಡು ತೀರ್ಮಾನ ಮಾಡಿ. ಗೆಳೆಯರೂ ಬೇರೆ ಬೇರೆ ಊರುಗಳಲ್ಲಿ ಇರುತ್ತಾರೆ. ಬರ್ತ್‌ಡೇ ಪಾರ್ಟಿ ಅಂದರೆ ಶನಿವಾರ ಅರ್ಧ ದಿನ ಡ್ರೈವಿಂಗ್.

ಓಪನ್ ಹೌಸ್‌ಗೆ ಹೋಗಿ, ಗೋಡೆ ನೋಡಿ

ಈ ಹೆಜ್ಜೆಯನ್ನು ಬಿಡಲೇಬೇಡಿ. ಅರ್ಜಿ ತೆರೆದಿರುವ ತಿಂಗಳುಗಳಲ್ಲಿ ಶಾಲೆಗಳು ಬಾಗಿಲು ತೆರೆದು ಕರೆಯುತ್ತವೆ. ಕಾರಿಡಾರಿನಲ್ಲಿ ನೂರು ದೇಶಗಳ ಬಾವುಟ ಇರುತ್ತದೆ, ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಬಣ್ಣಬಣ್ಣದ ಪೋಸ್ಟರ್ ಇರುತ್ತದೆ. ಅದನ್ನು ನೋಡಿ ಖುಷಿಯಾಗುವುದು ಸಹಜ. ನಮಗೂ ಆಯಿತು. ಆದರೆ ಆ ಬಾವುಟಗಳಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಗೋಡೆಯ ಮೇಲಿರುವ ಮಕ್ಕಳ ಕೆಲಸ ನೋಡಿ. 22 ಮಕ್ಕಳದೂ ಒಂದೇ ಥರ ಇದೆಯಾ? ಒಂದೇ ಅಳತೆ, ಒಂದೇ ತಲೆಬರಹ, ಬಣ್ಣ ಮಾತ್ರ ಬೇರೆಯಾ? ಹಾಗಿದ್ದರೆ ಟೀಚರ್ ಹೇಳಿದ್ದನ್ನು ಮಕ್ಕಳು ಅಂಟಿಸಿದ್ದಾರೆ, ಅಷ್ಟೇ. ಮೊದಲು ಬರೆದ ಹಾಳೆ, ಅದರ ಮೇಲೆ ಬೇರೆ ಮಗು ಅಂಟಿಸಿದ ಚೀಟಿ, ಆಮೇಲೆ ತಿದ್ದಿ ಬರೆದ ಹಾಳೆ, ಇವೆಲ್ಲ ಪಕ್ಕಪಕ್ಕ ಇದ್ದರೆ ಅದು ಬೇರೆಯೇ ಶಾಲೆ.

ನಮಗೆ ಪ್ರಾಜೆಕ್ಟ್ ಎಂಬ ಪದ ಹೊಸದಲ್ಲ, ಅಲ್ವಾ? ಥರ್ಮಾಕೋಲ್, ಚಾರ್ಟ್ ಪೇಪರ್, ಫೆವಿಕಾಲ್, ರಾತ್ರಿ ಹನ್ನೊಂದಕ್ಕೆ ಅಪ್ಪ ಕೂತು ಕತ್ತರಿಸುವ ಜ್ವಾಲಾಮುಖಿ. ಅಲ್ಲಿ ಪಾಠ ಮೊದಲೇ ಮುಗಿದಿರುತ್ತದೆ, ಪ್ರಾಜೆಕ್ಟ್ ಬರೀ ಅಲಂಕಾರ. ಪ್ರಾಜೆಕ್ಟ್ ಆಧಾರಿತ ಕಲಿಕೆಯಲ್ಲಿ ಪಾಠವೇ ಪ್ರಾಜೆಕ್ಟ್. ಒಂದು ನಿಜವಾದ ಪ್ರಶ್ನೆ ಎತ್ತಿಕೊಂಡು ಮಕ್ಕಳು ವಾರಗಟ್ಟಲೆ ಅದರ ಹಿಂದೆ ಬೀಳುತ್ತಾರೆ. ಓದು, ಲೆಕ್ಕ, ಬರವಣಿಗೆ ಎಲ್ಲ ಆ ಪ್ರಶ್ನೆಗೆ ಬೇಕಾದಾಗ ಬರುತ್ತವೆ. ಇದು ನಿನ್ನೆ ಮೊನ್ನೆಯ ಯೋಚನೆಯೂ ಅಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ 1918ರಲ್ಲೇ ಇದರ ಬಗ್ಗೆ ಬರೆದಿದ್ದರು. ಮಾಡುತ್ತಾ ಕಲಿಯುವ ಆಸೆ ನಮ್ಮ ಕಡೆಯೂ ಇದ್ದದ್ದೇ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ತರಗತಿಯನ್ನು ನೋಡಿದವರಿಗೆ ಇಲ್ಲಿನ ಗಲಾಟೆ ಗಾಬರಿ ಹುಟ್ಟಿಸುವುದಿಲ್ಲ.

ಕ್ಯಾಲಿಫೋರ್ನಿಯಾದ ಪಿಬಿಎಲ್‌ವರ್ಕ್ಸ್ ಎಂಬ ಸಂಸ್ಥೆ ಒಳ್ಳೆಯ ಪ್ರಾಜೆಕ್ಟ್‌ಗೆ ಏಳು ಗುಣ ಹೇಳುತ್ತದೆ. ಏಳನ್ನೂ ಬಾಯಿಪಾಠ ಮಾಡಬೇಕಿಲ್ಲ. ಓಪನ್ ಹೌಸ್‌ನಲ್ಲಿ ಮೂರು ಪ್ರಶ್ನೆ ಕೇಳಿದರೆ ಎಲ್ಲ ಹೊರಬರುತ್ತದೆ. ಒಂದನ್ನು ಮಕ್ಕಳಿಗೇ ಕೇಳಿ: "ನೀನು ಏನನ್ನ ಕಂಡುಹಿಡೀತಾ ಇದ್ದೀಯಾ?" ಮಗು "ಪೋಸ್ಟರ್ ಮಾಡ್ತಿದ್ದೀನಿ" ಅಂದರೆ ಒಂದು ಅರ್ಥ, "ನಮ್ಮ ಊಟದ ಹಾಲ್‌ನಲ್ಲಿ ದಿನಕ್ಕೆ ಎಷ್ಟು ಹಾಲು ಚೆಲ್ಲುತ್ತಾರೆ ಅಂತ ಅಳೀತಿದ್ದೀನಿ" ಅಂದರೆ ಇನ್ನೊಂದು ಅರ್ಥ. ಟೀಚರ್‌ಗೆ ಕೇಳಿ: "ಮುಗಿದ ಕೆಲಸವನ್ನು ಯಾರು ನೋಡುತ್ತಾರೆ?" ಬರೀ ಟೀಚರ್ ನೋಡಿ ಮಾರ್ಕ್ಸ್ ಕೊಡುವುದಕ್ಕೂ, ಊರಿನವರ ಮುಂದೆ ನಿಂತು ಹೇಳುವುದಕ್ಕೂ ಬಹಳ ಅಂತರ ಇದೆ. ಪ್ರಿನ್ಸಿಪಾಲ್‌ಗೆ ಕೇಳಿ: "ಕಳೆದ ವರ್ಷ ಯಾವ ಪ್ರಾಜೆಕ್ಟ್ ಸರಿ ಬರಲಿಲ್ಲ, ಏನು ಬದಲಿಸಿದಿರಿ?" ಇದಕ್ಕೆ ತಡಬಡಾಯಿಸದೆ ಉತ್ತರ ಕೊಡುವ ಶಾಲೆಯನ್ನು ನಂಬಬಹುದು.

ಜಾಗತಿಕ ಪೌರತ್ವದ ಬಗ್ಗೆಯೂ ಹೀಗೇ ಕೆದಕಿ. ವರ್ಷಕ್ಕೊಂದು ದಿನ ರೇಷ್ಮೆ ಲಂಗ ಹಾಕಿಸಿ, ಇಡ್ಲಿ ತರಿಸಿ, ಬಾವುಟ ಹಿಡಿಸಿದರೆ ಆ ದಿನ ಚೆನ್ನಾಗಿರುತ್ತದೆ. ನಾವೂ ಇಡ್ಲಿ ಕೊಟ್ಟಿದ್ದೇವೆ. ಆದರೆ ಆ ಥೀಮ್ ಅಲ್ಲಿಗೇ ನಿಲ್ಲಬಾರದು. ನ್ಯೂಯಾರ್ಕಿನ ಏಷ್ಯಾ ಸೊಸೈಟಿ ಎಂಬ ಸಂಸ್ಥೆ ಇದನ್ನು ನಾಲ್ಕು ಮಾತಿನಲ್ಲಿ ಹೇಳುತ್ತದೆ: ಜಗತ್ತನ್ನು ಹುಡುಕಿ ನೋಡುವುದು, ಬೇರೆಯವರು ಅದನ್ನು ಹೇಗೆ ನೋಡುತ್ತಾರೆ ಎಂದು ತಿಳಿಯುವುದು, ಕಂಡದ್ದನ್ನು ಬೇರೆ ಬೇರೆ ಜನರಿಗೆ ಅರ್ಥವಾಗುವ ಹಾಗೆ ಹೇಳುವುದು, ಏನಾದರೂ ಮಾಡುವುದು. ಈ ನಾಲ್ಕರಲ್ಲಿ ಯಾವುದು ಕಳೆದ ತಿಂಗಳು ತರಗತಿಯಲ್ಲಿ ನಡೆಯಿತು ಅಂತ ಕೇಳಿ ನೋಡಿ.

ಅರ್ಜಿ ತುಂಬುವುದು

ಹಾರ್ಟ್‌ಫರ್ಡ್ ಕಡೆ ಎಲ್ಲ ಮ್ಯಾಗ್ನೆಟ್ ಶಾಲೆಗಳಿಗೂ ಒಂದೇ ಅರ್ಜಿ. ರಾಜ್ಯದ ರೀಜನಲ್ ಸ್ಕೂಲ್ ಚಾಯ್ಸ್ ಆಫೀಸ್ ಅದನ್ನು ಆನ್‌ಲೈನ್‌ನಲ್ಲಿ ತೆಗೆದುಕೊಳ್ಳುತ್ತದೆ. ಅರ್ಜಿ ಚಳಿಗಾಲದಲ್ಲಿ, ಫಲಿತಾಂಶ ವಸಂತದಲ್ಲಿ. ತಾರೀಖು ವರ್ಷ ವರ್ಷ ಬದಲಾಗುವುದರಿಂದ ನವೆಂಬರ್‌ನಿಂದಲೇ ಆಫೀಸಿನ ವೆಬ್‌ಸೈಟ್ ನೋಡುತ್ತಿರಿ, ಯಾರೋ ವಾಟ್ಸಾಪ್‌ನಲ್ಲಿ ಹಾಕಿದ ಹೋದ ವರ್ಷದ ತಾರೀಖನ್ನು ನೆಚ್ಚಿಕೊಳ್ಳಬೇಡಿ.

ಸೀಟು ಸಿಗುವುದು ಕಂಪ್ಯೂಟರ್ ಲಾಟರಿಯಲ್ಲಿ. ಮೊದಲ ದಿನ ಹಾಕಿದವರಿಗೂ ಕೊನೆಯ ದಿನ ಹಾಕಿದವರಿಗೂ ಒಂದೇ ಅವಕಾಶ. ಹಾಗಂತ ಕೊನೆಯ ರಾತ್ರಿವರೆಗೆ ಎಳೆಯಬೇಡಿ. ಎಲ್ಲಿ ವಾಸ, ಅದೇ ಶಾಲೆಯಲ್ಲಿ ಅಣ್ಣ ತಮ್ಮ ಅಕ್ಕ ತಂಗಿ ಇದ್ದಾರಾ, ವಾಸದ ಬಡಾವಣೆಯ ಆರ್ಥಿಕ ಸ್ಥಿತಿ ಹೇಗೆ, ಇಂಥವನ್ನೂ ಲಾಟರಿ ಗಮನಕ್ಕೆ ತೆಗೆದುಕೊಳ್ಳುತ್ತದೆ. ಶಿಫಾರಸು ಪತ್ರಕ್ಕಾಗಲಿ, ಮಗುವಿನ ಸ್ಪೆಲಿಂಗ್ ಬೀ ಪ್ರಶಸ್ತಿಗಾಗಲಿ ಇಲ್ಲಿ ಕೆಲಸ ಇಲ್ಲ.

ಶಾಲೆಗಳನ್ನು ನಿಮಗೆ ಬೇಕಾದ ಕ್ರಮದಲ್ಲೇ ಬರೆಯಿರಿ. ಸಿಕ್ಕರೂ ಕಳಿಸಲಾರೆವು ಅನ್ನುವ ಶಾಲೆಯನ್ನು ಸುಮ್ನೆ ತುಂಬಿಸಬೇಡಿ.

ನಮ್ಮವರು ಎಡವುವ ಜಾಗ ಒಂದಿದೆ: ಹೆಸರು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಜಾಗದಲ್ಲಿ, ಜನನ ಪತ್ರದಲ್ಲಿ ಬರೀ ಇನಿಶಿಯಲ್, ಇಲ್ಲಿನ ಡಾಕ್ಟರ್ ಹತ್ತಿರ ಊರಿನ ಹೆಸರು. ಅರ್ಜಿಯಲ್ಲಿ ಒಂದು, ದಾಖಲೆಯಲ್ಲಿ ಇನ್ನೊಂದು ಇದ್ದರೆ ಆಮೇಲೆ ಓಡಾಟ. ಜನನ ಪತ್ರ ಅಥವಾ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಅದೇ ಅಕ್ಷರ, ಅದೇ ಕ್ರಮದಲ್ಲಿ ಬರೆಯಿರಿ.

ವಯಸ್ಸಿನ ವಿಷಯವೂ ನೋಡಿಕೊಳ್ಳಿ. ಕನೆಕ್ಟಿಕಟ್‌ನಲ್ಲಿ ಕಿಂಡರ್‌ಗಾರ್ಟನ್‌ಗೆ ಮೊದಲು ಜನವರಿ 1 ಲೆಕ್ಕ ಇತ್ತು. 2024ರಿಂದ ಸೆಪ್ಟೆಂಬರ್ 1ರೊಳಗೆ ಐದು ತುಂಬಿರಬೇಕು. ಅಕ್ಟೋಬರ್‌ನಲ್ಲಿ ಹುಟ್ಟಿದ ಮಗುವಿನ ಬಗ್ಗೆ ಹಳಬರು ಹೇಳುವ ಮಾತು ಈಗ ಸರಿ ಹೋಗುವುದಿಲ್ಲ.

ವೀಸಾ ಬಗ್ಗೆ ಹೆದರಿಕೆ ಬೇಡ. ಮಗು ಎಚ್-4ನಲ್ಲಿದ್ದರೂ (ಕೆಲಸದ ವೀಸಾದಲ್ಲಿ ಬಂದವರ ಮನೆಯವರಿಗೆ ಕೊಡುವ ವೀಸಾ) ಸರ್ಕಾರಿ ಶಾಲೆಗೆ ಸೇರುವ ಹಕ್ಕಿದೆ. ವಲಸೆಯ ಸ್ಥಿತಿ ನೋಡಿ ಮಗುವಿಗೆ ಶಾಲೆ ನಿರಾಕರಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 1982ರ ಪ್ಲೈಲರ್ ಪ್ರಕರಣದಲ್ಲೇ ಹೇಳಿದೆ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲ ಅಂತಲೂ ವಾಪಸ್ ಕಳಿಸುವಂತಿಲ್ಲ.

ಕೊನೆಯದಾಗಿ ಇಮೇಲ್. ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. ಮಗಳ ಕಿಂಡರ್‌ಗಾರ್ಟನ್ ಅರ್ಜಿಯಲ್ಲಿ ನಾವು ನನ್ನ ಗಂಡನ ಕ್ಲೈಂಟ್ ಆಫೀಸಿನ ಮೇಲ್ ಕೊಟ್ಟಿದ್ದೆವು. ಮಾರ್ಚ್‌ನಲ್ಲಿ ಆ ಪ್ರಾಜೆಕ್ಟ್ ಮುಗಿಯಿತು, ಮೇಲ್ ಮುಚ್ಚಿಹೋಯಿತು. ಲಾಟರಿಯಲ್ಲಿ ಸೀಟು ಬಂದಿತ್ತು. ಒಪ್ಪಿಕೊಳ್ಳುವುದಕ್ಕೆ ಕೊಟ್ಟ ಗಡುವು ದಾಟಿ ಎರಡು ವಾರ ಆದ ಮೇಲೆ ನಾವು ಫೋನ್ ಮಾಡಿದ್ದು. ಸೀಟು ಬೇರೆ ಮಗುವಿಗೆ ಹೋಗಿತ್ತು. ತಪ್ಪು ಪೂರ್ತಿ ನಮ್ಮದೇ. ಅವಳು ಒಂದನೇ ತರಗತಿಗೆ ಸೇರಿದ್ದು ಮುಂದಿನ ವರ್ಷದ ಅರ್ಜಿಯಿಂದ. ನಿಮ್ಮ ಸ್ವಂತ ಇಮೇಲ್ ಕೊಡಿ, ಫಲಿತಾಂಶದ ವಾರದಲ್ಲಿ ಸ್ಪ್ಯಾಮ್ ಸೇರಿ ದಿನಾ ಎರಡು ಸಲ ನೋಡಿ.

ಸೀಟು ಬಂದ ಮೇಲೆ

ಒಪ್ಪಿಕೊಳ್ಳಿ, ಆಮೇಲೆ ಯೋಚಿಸಿ. ನಿಮ್ಮ ಊರಿನ ಶಾಲೆ ಎಲ್ಲಿಗೂ ಹೋಗುವುದಿಲ್ಲ. ಆ ಊರಿನಲ್ಲಿ ವಾಸ ಇರುವವರೆಗೆ ಅದು ನಿಮ್ಮ ಮಗುವಿನ ಹಕ್ಕು. ವೇಟ್‌ಲಿಸ್ಟ್ ಬಂದರೂ ಕೈಚೆಲ್ಲಬೇಡಿ, ಜನ ಮನೆ ಬದಲಿಸುತ್ತಾರೆ, ಮನಸ್ಸು ಬದಲಿಸುತ್ತಾರೆ, ಪಟ್ಟಿ ಬೇಸಿಗೆಯಲ್ಲೂ ಸರಿಯುತ್ತದೆ.

ಕಾಗದ ಪತ್ರ: ಜನನ ಪತ್ರ, ಮನೆ ಬಾಡಿಗೆಯ ಕರಾರು, ಕರೆಂಟ್ ಬಿಲ್ಲು, ಡಾಕ್ಟರ್ ತುಂಬಿಕೊಡುವ ಆರೋಗ್ಯದ ಫಾರಂ. ಆ ಫಾರಂಗೆ ಇಲ್ಲಿ ಎಲ್ಲರೂ ನೀಲಿ ಫಾರಂ ಅನ್ನುತ್ತಾರೆ. ಭಾರತದಲ್ಲಿ ಹುಟ್ಟಿದ ಮಗುವಾದರೆ ಲಸಿಕೆ ಕಾರ್ಡಿನ ಮೂಲಪ್ರತಿ ಕೈಯಲ್ಲಿರಲಿ. ಅದರಲ್ಲಿ ತಾರೀಖು ಮಾಸಿದ್ದರೆ, ಹಾಕಿಸಿದ ಲಸಿಕೆಯನ್ನೇ ಮತ್ತೆ ಹಾಕಿಸಬೇಕಾಗಬಹುದು.

ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ ಒಂದು ಫಾರಂ ಕೇಳುತ್ತದೆ. "ಕನ್ನಡ ಅಂತ ಬರೀಬೇಡಿ, ಇಂಗ್ಲಿಷ್ ಬರಲ್ಲ ಅಂದ್ಕೊಂಡು ಬೇರೆ ಕ್ಲಾಸಿಗೆ ಹಾಕ್ತಾರೆ" ಎಂದು ನನಗೆ ಮೂರು ಜನ ಹೇಳಿದರು. ಬರೆಯಿರಿ. ಕನ್ನಡ ಅಂತಲೇ ಬರೆಯಿರಿ. ಶಾಲೆ ಇಂಗ್ಲಿಷ್‌ನಲ್ಲಿ ಒಂದು ಸಣ್ಣ ಪರೀಕ್ಷೆ ಮಾಡುತ್ತದೆ. ಬಂದರೆ ಆಯಿತು, ಬರದಿದ್ದರೆ ಸಹಾಯ ಸಿಗುತ್ತದೆ. ಜಾಗತಿಕ ಪೌರತ್ವ ಕಲಿಸುವ ಶಾಲೆಯ ಬಾಗಿಲಲ್ಲೇ ಮಗುವಿನ ಭಾಷೆಯನ್ನು ಮುಚ್ಚಿಟ್ಟರೆ, ಒಳಗೆ ಹೋದ ಮೇಲೆ ಅದನ್ನು ಹೊರಗೆ ತೆಗೆಯುವುದು ಹೇಗೆ?

ಮಗ್ಗಿಯ ಚಿಂತೆ

ಅಜ್ಜ-ಅಜ್ಜಿಯಿಂದ ಹಿಡಿದು ಎಲ್ಲರೂ ಕೇಳುವುದು ಇದನ್ನೇ: ಪ್ರಾಜೆಕ್ಟ್ ಅಂತ ಆಟ ಆಡಿಸಿದರೆ ಲೆಕ್ಕ ಯಾವಾಗ ಕಲಿಯುತ್ತವೆ? ನ್ಯಾಯವಾದ ಪ್ರಶ್ನೆ. ಮ್ಯಾಗ್ನೆಟ್ ಶಾಲೆಯ ಮಕ್ಕಳೂ ಮೂರರಿಂದ ಎಂಟನೇ ತರಗತಿವರೆಗೆ ರಾಜ್ಯದ ಸ್ಮಾರ್ಟರ್ ಬ್ಯಾಲೆನ್ಸ್ಡ್ ಪರೀಕ್ಷೆ ಬರೆಯುತ್ತಾರೆ. ಯಾವ ಶಾಲೆ ಹೇಗೆ ಮಾಡಿದೆ ಅಂತ ರಾಜ್ಯದ ಎಡ್‌ಸೈಟ್ ಪೋರ್ಟಲ್‌ನಲ್ಲಿ ನೋಡಬಹುದು. ನೋಡುವಾಗ ಒಂದು ವರ್ಷದ ಅಂಕ ಹಿಡಿದು ಕೂರಬೇಡಿ. ಅದೇ ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಬಂದಿದ್ದಾರೆ ಎಂಬ ಬೆಳವಣಿಗೆಯ ಲೆಕ್ಕ ನೋಡಿ.

ಚೆನ್ನಾಗಿ ನಡೆಸಿದರೆ ಪ್ರಾಜೆಕ್ಟ್ ಕಲಿಕೆಯಿಂದ ಓದು ಹಿಂದೆ ಬೀಳುವುದಿಲ್ಲ. ಮಿಶಿಗನ್‌ನ 46 ಶಾಲೆಗಳ ಮೂರನೇ ತರಗತಿಯಲ್ಲಿ ನಡೆದು 2021ರಲ್ಲಿ ಹೊರಬಂದ ಅಧ್ಯಯನದಲ್ಲಿ, ಹೀಗೆ ವಿಜ್ಞಾನ ಕಲಿತ ಮಕ್ಕಳು ಉಳಿದವರಿಗಿಂತ ವಿಜ್ಞಾನದ ಪರೀಕ್ಷೆಯಲ್ಲಿ 8 ಪರ್ಸೆಂಟ್‌ನಷ್ಟು ಮುಂದಿದ್ದರು. ಅದು ವಿಜ್ಞಾನದ ಮಾತು. ಮಗ್ಗಿ ಮಾತ್ರ ನಾವು ಮನೆಯಲ್ಲೇ ಹೇಳಿಸಿದೆವು, ಬಸ್‌ಗೆ ಕಾಯುವ ಹತ್ತು ನಿಮಿಷದಲ್ಲಿ, ಕನ್ನಡದಲ್ಲಿ. ಎರಡೊಂದ್ಲ ಎರಡು ಅನ್ನುತ್ತಾ ಬಾಯಿಂದ ಹೊಗೆ ಬಿಡುವುದು ಅವಳಿಗೆ ಆಟವಾಗಿತ್ತು.

ಪ್ರಾಜೆಕ್ಟ್ ಮನೆಗೆ ಬಂದಾಗ

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಮ್ಮ ಕೈಯಲ್ಲಿರುವ ಭಾಗ ಇದೇ.

ಐದನೇ ತರಗತಿಯಲ್ಲಿ ಮಗಳ ತಂಡ ಎತ್ತಿಕೊಂಡ ಪ್ರಶ್ನೆ ಬಹಳ ಸರಳ: ನಮ್ಮ ನಲ್ಲಿಯ ನೀರು ಎಲ್ಲಿಂದ ಬರುತ್ತದೆ? ಹಾರ್ಟ್‌ಫರ್ಡ್ ಮತ್ತು ರಾಕಿ ಹಿಲ್‌ನ ಕುಡಿಯುವ ನೀರಿನ ದೊಡ್ಡ ಪಾಲು ಬಾರ್ಕ್‌ಹ್ಯಾಮ್‌ಸ್ಟೆಡ್ ಜಲಾಶಯದಿಂದ ಬರುತ್ತದೆ. 1940ರಲ್ಲಿ ಮುಗಿದ ಸ್ಯಾವಿಲ್ ಅಣೆಕಟ್ಟಿನ ಹಿಂದೆ ನಿಂತ ನೀರು. ಆ ನೀರಿನ ಕೆಳಗೆ ಬಾರ್ಕ್‌ಹ್ಯಾಮ್‌ಸ್ಟೆಡ್ ಹಾಲೊ ಎಂಬ ಊರಿತ್ತು ಅಂತ ಮಕ್ಕಳಿಗೆ ಗೊತ್ತಾಯಿತು. ಮಗಳು ಊಟದ ಮೇಜಿನ ಮೇಲೆ ಇದನ್ನು ಹೇಳಿದಳು. ನನ್ನ ಗಂಡ ನೀರಿನ ಲೋಟ ಕೆಳಗಿಟ್ಟು, "ಅಜ್ಜಿಗೆ ಫೋನ್ ಮಾಡು" ಅಂದರು.

ನಮ್ಮ ಅತ್ತೆಯವರ ತವರು ಹಾಸನ ಜಿಲ್ಲೆಯಲ್ಲಿ, ಶೆಟ್ಟಿಹಳ್ಳಿಯ ಆಸುಪಾಸು. ಗೊರೂರಿನ ಹತ್ತಿರ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿ ಚರ್ಚು ಈಗಲೂ ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ನಿಂತಿರುತ್ತದೆ, ಬೇಸಿಗೆಯಲ್ಲಿ ನಡೆದುಕೊಂಡು ಒಳಗೆ ಹೋಗಬಹುದು. ನಾವೆಲ್ಲ ಅಲ್ಲಿ ಫೋಟೊ ತೆಗೆಸಿಕೊಂಡವರೇ. ಅತ್ತೆಯನ್ನು ಕೂರಿಸಿಕೊಂಡು ಕೇಳಿದವರು ಯಾರೂ ಇಲ್ಲ.

"ಅಜ್ಜಿ, ನಿಮ್ಮ ಮನೆ ಇನ್ನೂ ನೀರೊಳಗೆ ಇದ್ಯಾ?"

"ಮನೆ ಎಲ್ಲಿ ಉಳೀತದೆ ಕಂದ? ಬಾಗ್ಲು, ತೊಲೆ, ಹೆಂಚು ಎಲ್ಲಾ ಕಿತ್ಕೊಂಡು ಗಾಡೀಗ್ ಹೇರ್ಕೊಂಡ್ ಬಂದ್ವಿ. ಗೋಡೆ ಮಾತ್ರ ಬಿಟ್ಬಂದ್ವಿ."

"ತೊಲೆ ಅಂದ್ರೆ?"

ಅತ್ತೆ ಫೋನನ್ನು ಮೇಲಕ್ಕೆ ತಿರುಗಿಸಿದರು. ಅವರ ಈಗಿನ ಮನೆಯ ಅಡುಗೆಕೋಣೆಯ ಸೂರಿನಲ್ಲಿ, ಹೊಗೆ ಹಿಡಿದು ಕಪ್ಪಾದ ಒಂದು ತೊಲೆ. "ನೋಡು, ಇದೇ ಅದು." ಆ ಮನೆಗೆ ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಆ ತೊಲೆ ಎಲ್ಲಿಂದ ಬಂತು ಅಂತ ನನಗೂ ಗೊತ್ತಿರಲಿಲ್ಲ.

ಮಗಳ ಮುಂದಿನ ಪ್ರಶ್ನೆ: "ನಿಮ್ಮನ್ನ ಯಾರಾದ್ರೂ ಕೇಳಿದ್ರಾ?" ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಳತೆ ಮಾಡೋರು ಬಂದ್ರು, ಗಂಡಸ್ರ ಹತ್ರ ಮಾತಾಡಿದ್ರು. ಹೆಂಗಸ್ರನ್ನ ಯಾರ್ ಕೇಳ್ತಾರೆ ತಾಯಿ?"

ಮಾರನೆಯ ದಿನ ತಂಡದ ಪ್ರಶ್ನೆಯೇ ಬದಲಾಯಿತು. ಒಂದು ಊರಿಗೆ ನೀರು ಕೊಡುವುದಕ್ಕೆ ಇನ್ನೊಂದು ಊರು ಮುಳುಗಬೇಕಾದರೆ ಯಾರನ್ನು ಕೇಳಬೇಕು? ಮಗಳು ಮೊದಲು ಬರೆದ ಹಾಳೆಯಲ್ಲಿ ಎರಡು ಜಲಾಶಯವೂ ಕುಡಿಯುವ ನೀರಿಗೆ ಅಂತಿತ್ತು. ಟೀಚರ್ ಪಕ್ಕದಲ್ಲಿ "ನಿನಗೆ ಹೇಗೆ ಗೊತ್ತು?" ಎಂದಷ್ಟೇ ಬರೆದು ವಾಪಸ್ ಕೊಟ್ಟರು. ಹುಡುಕಿದಾಗ ಹೇಮಾವತಿಯ ನೀರು ಹೆಚ್ಚಾಗಿ ಹೋಗುವುದು ಗದ್ದೆ ತೋಟಗಳಿಗೆ ಅಂತ ತಿಳಿಯಿತು. ಮತ್ತೆ ಬರೆದಳು. ಎರಡನೇ ಸಲವೂ ವಾಪಸ್ ಬಂತು: ನೀರಿನಿಂದ ಒಳ್ಳೆಯದಾದವರ ಮಾತು ಎಲ್ಲಿ? ಆಗ ನಾಲೆಯ ನೀರಿನಲ್ಲಿ ಬೆಳೆ ತೆಗೆಯುವ ನಮ್ಮ ಚಿಕ್ಕಮಾವನಿಗೆ ಫೋನ್ ಹೋಯಿತು. ಬೋರ್ಡಿನ ಮೇಲೆ ಅವಳು ಒಂದು ಪದವನ್ನು ಕನ್ನಡ ಅಕ್ಷರದಲ್ಲೇ ಬರೆದಳು: ಮುಳುಗಡೆ. ಅದಕ್ಕೆ ಸರಿಯಾದ ಇಂಗ್ಲಿಷ್ ಪದ ಸಿಗಲಿಲ್ಲ ಅಂತ ಕೆಳಗೆ ವಿವರಿಸಿದ್ದಳು.

ಇದರಲ್ಲಿ ನಾವು ಮಾಡಿದ ಕೆಲಸ ಫೋನ್ ಹಚ್ಚಿಕೊಟ್ಟಿದ್ದು, ಅರ್ಥವಾಗದ ಪದ ಹೇಳಿಕೊಟ್ಟಿದ್ದು, ಅಷ್ಟೇ. ನೀವೂ ಅಷ್ಟೇ ಮಾಡಿ. ಕೈ ಕಟ್ಟಿ ಕೂರುವುದು ಕಷ್ಟ, ಗೊತ್ತು. ಅಕ್ಷರ ಸೊಟ್ಟಗಿರಲಿ, ಮ್ಯಾಪಿನಲ್ಲಿ ಹೇಮಾವತಿ ಎಲ್ಲೋ ಹರಿಯಲಿ. ಟೀಚರ್ ವಾಪಸ್ ಕೊಡುತ್ತಾರೆ, ಮಗು ತಿದ್ದುತ್ತದೆ. ನೀವು ತಿದ್ದಿಬಿಟ್ಟರೆ ಆ ಪಾಠವೇ ತಪ್ಪಿಹೋಗುತ್ತದೆ.

ಅಜ್ಜ-ಅಜ್ಜಿಗೆ ಫೋನ್ ಮಾಡಿಸುವಾಗ ಮೂರು ವಿಷಯ ನೆನಪಿಡಿ. ಊರಿನ ಸಮಯ ನೋಡಿ, ಇಲ್ಲಿ ಶನಿವಾರ ಬೆಳಗ್ಗೆ ಅಂದರೆ ಅಲ್ಲಿ ಸಂಜೆ, ಅವರು ದೀಪ ಹಚ್ಚಿ ಬಿಡುವಾಗಿ ಕೂತಿರುತ್ತಾರೆ. ಪ್ರಶ್ನೆಗಳನ್ನು ಮಗು ಮೊದಲೇ ಕನ್ನಡದಲ್ಲಿ ಬರೆದುಕೊಳ್ಳಲಿ, ಲಿಪಿ ಬರದಿದ್ದರೆ ಇಂಗ್ಲಿಷ್ ಅಕ್ಷರದಲ್ಲಾದರೂ ಸರಿ. ರೆಕಾರ್ಡ್ ಮಾಡುವುದಾದರೆ ಅವರನ್ನು ಕೇಳಿ ಮಾಡಿ.

ನಮ್ಮ ಮನೆಯ ಕಥೆ ಮಾತ್ರ ಜಾಗತಿಕ ಅಂದುಕೊಳ್ಳಬೇಡಿ. ಮಗಳ ತಂಡದಲ್ಲಿದ್ದ ಒಬ್ಬ ಹುಡುಗನ ತಾತ ಜಮೈಕಾದಿಂದ ಇಲ್ಲಿನ ತಂಬಾಕು ಹೊಲಗಳಿಗೆ ಕೆಲಸಕ್ಕೆ ಬಂದವರು. ಸೌತ್ ವಿಂಡ್ಸರ್ ಕಡೆ ರಸ್ತೆ ಪಕ್ಕ ಕಾಣುವ ಉದ್ದನೆಯ ಹಳೇ ತಂಬಾಕು ಕೊಟ್ಟಿಗೆಗಳನ್ನು ನಾನು ವರ್ಷಗಟ್ಟಲೆ ಕಾರಿನಿಂದ ನೋಡಿದ್ದೆ. ಅದರೊಳಗೆ ಯಾರು ದುಡಿದರು ಅಂತ ಹೇಳಿದ್ದು ಆ ಹುಡುಗ, ನಮ್ಮ ಸೋಫಾ ಮೇಲೆ ಕೂತು ಚಕ್ಕುಲಿ ತಿನ್ನುತ್ತಾ. ಹಾಸನದ ರಾಮನಾಥಪುರ ಕಡೆ ಈಗಲೂ ತಂಬಾಕು ಬೆಳೆಯುತ್ತಾರೆ ಅಂತ ನಾನು ಹೇಳಿದಾಗ ಅವನು ನನ್ನನ್ನೇ ಪ್ರಶ್ನೆ ಕೇಳಲು ಶುರು ಮಾಡಿದ. ತಂಡದ ಮಕ್ಕಳನ್ನು ಒಂದು ಶನಿವಾರ ಮನೆಗೆ ಕರೆಯಿರಿ. ಡ್ರೈವಿಂಗ್ ಇದ್ದರೂ ಪರವಾಗಿಲ್ಲ.

ಐದನೇ ತರಗತಿಯಾದ ಮೇಲೆ

ಪ್ರಾಥಮಿಕ ಮ್ಯಾಗ್ನೆಟ್ ಮುಗಿದರೆ ಮುಂದಿನ ಶಾಲೆ ತಾನಾಗಿ ಸಿಗುತ್ತದೆ ಅಂತ ಭಾವಿಸಬೇಡಿ. ಇಲ್ಲಿಂದ ಮುಂದೆ ಯಾವ ಶಾಲೆಗೆ ದಾರಿ ಇದೆ ಎಂದು ನಾಲ್ಕನೇ ತರಗತಿಯಲ್ಲೇ ಕೇಳಿಟ್ಟುಕೊಳ್ಳಿ. ಊರಿನ ಮಿಡಲ್ ಸ್ಕೂಲಿಗೆ ಹೋಗುವುದಾದರೆ ಅಲ್ಲಿನ ಲೆಕ್ಕದ ತರಗತಿಗಳನ್ನು ಹೇಗೆ ವಿಂಗಡಿಸುತ್ತಾರೆ ಅಂತ ಆಗಲೇ ವಿಚಾರಿಸಿ.

ನಾವು ಐದನೇ ತರಗತಿಯ ಚಳಿಗಾಲದಲ್ಲಿ ಮತ್ತೆ ಅದೇ ಅರ್ಜಿ ತೆರೆದೆವು. ಈ ಸಲ ಓಪನ್ ಹೌಸ್‌ಗಳಲ್ಲಿ ಪ್ರಶ್ನೆ ಕೇಳಿದ್ದು ಮಗಳು. ಎರಡು ಶಾಲೆಯ ಗೋಡೆ ನೋಡಿ ಬಂದು, ಒಂದನ್ನು ಪಟ್ಟಿಯಿಂದ ಹೊಡೆದುಹಾಕಿದಳು. ಉಳಿದವುಗಳ ಕ್ರಮವನ್ನೂ ಅವಳೇ ಬರೆದಳು, ನಾನು ಬರೀ ಇಮೇಲ್ ಸರಿಯಾಗಿದೆಯಾ ಅಂತ ಮೂರು ಸಲ ನೋಡಿ ಕಳಿಸಿದೆ.